ಕಾಕಾನ ಸ್ವರ, ಬೇಸ್ ಗಿಟಾರಿನ ಪಿಕಪ್ಪು

ವಾದ್ಯದ ಅಂಗಡಿ ಇಟ್ಟವನ ಹಣೆಬರಹವೇ ಇಷ್ಟು. ಕೆಟ್ಟದ್ದನ್ನು ರಿಪೇರಿ ಮಾಡಿಕೊಟ್ಟರೆ ಯಾರೂ ನೆನೆಯುವುದಿಲ್ಲ, ನೆಟ್ಟಗಿದ್ದದ್ದನ್ನು ಸುಧಾರಿಸಲು ಹೋದರೆ ಊರೆಲ್ಲ ನೆನೆಯುತ್ತದೆ. ಹುಮನಾಬಾದಿನಲ್ಲಿ ಹಾರ್ಮೋನಿಯಂ ಪೇಟಿ, ತಬಲಾ, ಗಿಟಾರು ಮಾರುವ ನನಗೆ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ಮಿಕ್ಕದ್ದು ಬಿಟ್ಟು ಒಂದು ಬೇಸ್ ಗಿಟಾರಿನ ಸಂಗತಿಯಷ್ಟೇ ಹೇಳುತ್ತೇನೆ. ನಗು ಬಂದರೆ ನಗಿರಿ. ನನಗೆ ಅರ್ಧ ಮಾತ್ರ ಬರುತ್ತದೆ.

೧. ಒಂದು ಕೈಯ ನಮಸ್ಕಾರ

ರಾಜೇಶ್ವರದ ಭಜನಿ ಮಂಡಳಿಯಲ್ಲಿ ಬೇಸ್ ಬಾರಿಸುವವನು ಹಿಟ್ಟಿನ ಗಿರಣಿಯವ. ಒಂದು ದಿನ ಮೈತುಂಬ ಜೋಳದ ಹಿಟ್ಟು, ಹೆಗಲಿಗೆ ಗಿಟಾರು ಹಾಕಿಕೊಂಡು ಬಂದ.

“ಸಾವಕಾರ್ರ, ತಂತಿ ಮ್ಯಾಲ ಕೈ ಇದ್ರ ಸುಮ್ಮ ಇರ್ತದ. ಕೈ ತಗದ್ರ ಸ್ಪೀಕರ್ ಬಾಕ್ಸಿನಾಗ ಗುಂಯ್ ಅಂತದ. ಭಜನಿ ಸುರು ಆಗೂಮುಂದ ಎಲ್ಲಾರೂ ಕೈ ಮುಗೀತೀವಲ್ರಿ, ಬರೋಬ್ಬರಿ ಆವಾಗ!”

“ಒಂದು ಕೈ ತಂತಿ ಮ್ಯಾಲ ಇಡು, ಇನ್ನೊಂದು ಕೈಲೆ ಮುಗಿ.”

“ಮುಗದೀನ್ರಿ. ಕಾಕಾ ಬೈದ್ರು. ದೇವರೇನು ಬಸ್ಸೇನಲೇ, ಒಂದ ಕೈ ಮಾಡಿ ನಿಂದರಸಾಕ, ಅಂತ.”

ಕಾಕಾ ಅಂದರೆ ಆ ಮಂಡಳಿಯ ಹಿರಿಯ ಹಾಡುಗಾರರು. ಪೇಟಿಯವನ ಕಡೆ ತಿರುಗಿಯೂ ನೋಡದೆ ಮೊದಲ ಹಾಡು ಎತ್ತುವವರು. “ಸ್ವರ ನನಗ ಒಳಗಿಂದ ಬರ್ತದ” ಎನ್ನುವುದು ಅವರ ಅಭಿಮಾನ. ಚಿಟಗುಪ್ಪದವರೆಗೂ ಅದನ್ನು ಎಲ್ಲರೂ ಒಪ್ಪಿದ್ದರು.

ತಂತಿಯ ಕೆಳಗೆ ಕೂತು ಅದರ ನಡುಕವನ್ನು ಬಾಕ್ಸಿಗೆ ಮುಟ್ಟಿಸುವ ಅಯಸ್ಕಾಂತದ ಪಟ್ಟಿಗೆ ಪಿಕಪ್ ಅನ್ನುತ್ತಾರೆ. ಹಳೆಯ ಒಂಟಿ ಸುರುಳಿಯ ಪಿಕಪ್ಪು ಗುಂಯ್ ಅನ್ನುವುದು ಅದರ ಜಾತಿಗುಣ. ಜೋಡಿ ಸುರುಳಿಯದು ಅನ್ನುವುದಿಲ್ಲ. ನನ್ನ ಕಪಾಟಿನಲ್ಲಿ ಜೋಡಿ ಸುರುಳಿಯದೊಂದು ಯಾರೂ ಕೇಳದೆ ಧೂಳು ತಿನ್ನುತ್ತಿತ್ತು. ಬ್ಯಾಟರಿ ಹಾಕುವ ಹೊಸ ಸರ್ಕೀಟೂ ಜೊತೆಗಿತ್ತು. ಎರಡನ್ನೂ ಅವನ ಕೊರಳಿಗೆ ಕಟ್ಟಿದೆ. ಗಿರಾಕಿಯ ರೋಗಕ್ಕೆ ನಮ್ಮ ಕಪಾಟಿನಲ್ಲಿದ್ದದ್ದೇ ಔಷಧ ಎಂಬುದು ವ್ಯಾಪಾರದ ಮೊದಲ ಪಾಠ.

೨. ಎರಡು ಸೂತು

ಜೋಡಿಸುವ ಕೆಲಸ ಬಸವಕಲ್ಯಾಣದ ರೇಡಿಯೊ ಮಿಸ್ತ್ರಿಗೆ ಒಪ್ಪಿಸಿದೆ. ಅವನು ಅಳತೆ ಮಾಡಿ ತಲೆಯಾಡಿಸಿದ.

“ಸೇಟ್, ಹೊಸದು ಎರಡು ಸೂತು, ಅಂದ್ರ ಕಾಲು ಇಂಚು ದೊಡ್ಡದದ. ಕಟಗಿ ಕೆತ್ತಬೇಕು.”

ಕೆತ್ತಲು ಬಾಗಿಲು-ಚೌಕಟ್ಟು ಮಾಡುವ ಬಡಿಗನನ್ನು ಕರೆಸಿದೆವು. ಅವನು ಚೌಕಟ್ಟಿಗೆ ಹೊಡೆಯುವ ಹಾಗೆಯೇ ಉಳಿಗೆ ಹೊಡೆದ. ನಾಲ್ಕನೆಯ ಏಟಿಗೆ ಉಳಿ ಆ ಕಡೆ ಬಂತು. ಗಿಟಾರಿನ ಬೆನ್ನಿನಿಂದ ನನಗೆ ಅವನ ಕಣ್ಣು ಕಾಣಿಸಿತು.

“ಏನ್ ಮಾಡಿದಿಯೋ ಮಾರಾಯಾ?”

“ಗಾಳಿ ಆಡಲಿ ತೊಗೋರಿ. ಒಳಗ ಬ್ಯಾಟರಿ ಅದ ಅಂತೀರಿ, ಸೆಕಿ ಆಗಬಾರ್ದು.”

ಗಿರಣಿಯವ ಮನೆಯಿಂದ ಒಂದು ಸ್ಟೀಲ್ ತಾಟು ತಂದ. ಮಿಸ್ತ್ರಿ ಅದನ್ನು ಕತ್ತರಿಸಿ ತೂತು ಮುಚ್ಚಿದ. ಅದು ಮದುವೆಯಲ್ಲಿ ಬಂದ ತಾಟು. ಇವತ್ತಿಗೂ ಗಿಟಾರು ತಿರುವಿದರೆ “ಅತ್ತಿ ಮಾವನ ಕಾಣಿಕೆ” ಎಂದು ಕೊರೆದದ್ದು ಕಾಣುತ್ತದೆ.

ಹಳೆಯ ಪಿಕಪ್ಪನ್ನು ಗಿರಣಿಯವ ಸುಮ್ಮನೆ ಬಿಡಲಿಲ್ಲ. ಸುರುಳಿ ಕಿತ್ತೆಸೆದು, ಜೋಳದಲ್ಲಿ ಬರುವ ಮೊಳೆ ಹಿಡಿಯಲಿ ಎಂದು ಅದರ ಅಯಸ್ಕಾಂತವನ್ನು ಗಿರಣಿಯ ಬಾಯಿಗೆ ಕೂರಿಸಿದ. “ಗಿಟಾರಿನಾಗಿಂತ ಇಲ್ಲೇ ಛಲೋ ಕೆಲಸ ಮಾಡಾಕತ್ತದ್ರಿ” ಎಂದ. ನಾನೂ ಹೌದೆಂದು ನಕ್ಕೆ. ನಗಬಾರದಿತ್ತು.

೩. ಪೂಜೆ

ಹೊಸ ಸಾಮಾನಿಗೆ ಮಂಡಳಿಯವರು ಪೂಜೆ ಮಾಡಿದರು. ಎರಡೇ ದಿನಕ್ಕೆ ವಾಲ್ಯೂಮ್ ತಿರುವಿದರೆ ಹಪ್ಪಳ ಮುರಿದ ಹಾಗೆ ಕರಕರ. ಮಿಸ್ತ್ರಿ ಬಿಚ್ಚಿ ನೋಡಿದ. ಗುಂಡಿಯ ಸಂದಿಯಲ್ಲಿ ವಿಭೂತಿ, ಕುಂಕುಮ, ಬ್ಯಾಟರಿಯ ಮೇಲೆ ತೆಂಗಿನಕಾಯಿ ನೀರು.

“ಸೇಟ್, ನಾ ಇದನ್ನ ಚಪ್ಪಲಿ ಬಿಟ್ಟು ರಿಪೇರಿ ಮಾಡಬೇಕೋ ಹ್ಯಾಂಗ?”

೪. ಮಾಣಿಕನಗರದಲ್ಲಿ

ಹೊಸ ಪಿಕಪ್ಪಿನ ಮೊದಲ ಭಜನೆ ಮಾಣಿಕನಗರದಲ್ಲಿ. ನನ್ನ ಮಾಲಿನ ಪ್ರತಾಪ ಕೇಳಲು ಮುಂದಿನ ಸಾಲಿನಲ್ಲೇ ಕೂತೆ. ಎಲ್ಲರೂ ಕೈ ಮುಗಿದರು. ಗಿರಣಿಯವನೂ ಧೈರ್ಯವಾಗಿ ಎರಡೂ ಕೈ ಜೋಡಿಸಿದ. ಬಾಕ್ಸು ಪಿಟ್ಟೆನ್ನಲಿಲ್ಲ. ನಾನು ಪಕ್ಕದವನಿಗೆ, “ಕೇಳ್ರಿ, ಏನರ ಕೇಳಸ್ತದೇನು?” ಎಂದೆ.

ಕಾಕಾ ಕಣ್ಣು ಮುಚ್ಚಿ ನಿಂತರು. ಎಂದಿಗಿಂತ ಹೆಚ್ಚು ಹೊತ್ತು ನಿಂತರು. ಆಮೇಲೆ ಬಾಯಿ ತೆರೆದರು ನೋಡಿ, ಸ್ವರ ಎಲ್ಲೋ ಮಾಳಿಗೆ ಮೇಲೆ ಹೋಗಿತ್ತು. ಪೇಟಿಯವ ಬಲಕ್ಕೆ ಸರಿಯುತ್ತ ಸರಿಯುತ್ತ ಪೇಟಿಯ ಕೊನೆಯ ಪಟ್ಟಿಗೆ ಬಂದು, ಕೈ ಎತ್ತಿ, “ಕಾಕಾ, ಮುಂದ ಪೇಟಿನೇ ಇಲ್ಲ!” ಎಂದ.

ಜನ ನಕ್ಕರು. ಎರಡನೆಯ ನುಡಿಗೆ ಕಾಕಾನ ದನಿ ಒಡೆಯಿತು. ಮುಂದಿನ ಎರಡು ಭಜನೆಯಲ್ಲೂ ಇದೇ ಪಾಡು. ಕಾಕಾನ ಗಂಟಲು ಹೋಯಿತೆಂದು ಊರು ತೀರ್ಮಾನಿಸಿತು. ಮನೆಗೆ ಹೋದವರೆಲ್ಲ ಜ್ಯೇಷ್ಠಮಧು ಕೊಟ್ಟು ಬಂದರು. ಕಾಕಾ ಮೊದಲ ಹಾಡನ್ನು ಪೇಟಿಯವನಿಗೆ ಬಿಟ್ಟುಕೊಟ್ಟು ಹಿಂದಿನ ಸಾಲಿಗೆ ಹೋಗಿ ತಾಳ ಹಿಡಿದು ಕೂತರು.

೫. ನನ್ನ ಜಾಣತನ

ಒಂದು ಮಧ್ಯಾಹ್ನ ಕಾಕಾ ತಾಳದ ಜೋಡಿ ಕೊಳ್ಳಲು ಅಂಗಡಿಗೆ ಬಂದರು. ಪಕ್ಕದಲ್ಲಿ ರಿಪೇರಿಗೆ ಬಂದ ಹಳೆಯ ಆಂಪ್ಲಿಫೈಯರೊಂದು ಗುಂಯ್‌ಗುಡುತ್ತಿತ್ತು. ಕಾಕಾ ತಾಳ ನೋಡುತ್ತ ನೋಡುತ್ತ ತಮ್ಮಷ್ಟಕ್ಕೆ ಗುನುಗಿದರು. ಮೊದಲಿನ ಸ್ವರ! ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಕರೆಂಟಿನ ಗುಂಯ್ ಯಾವ ಡಬ್ಬಿಯಲ್ಲಾದರೂ ಒಂದೇ ಸ್ವರ. ನನ್ನ ತಲೆಯಲ್ಲಿ ಲೆಕ್ಕ ಕೂಡಿತು. ಬೇಸ್ ಮಂಡಳಿಗೆ ಬಂದದ್ದು ಹತ್ತು ವರ್ಷದ ಹಿಂದೆ, ಕಾಕಾ ಪೇಟಿ ಬೇಡವೆಂದದ್ದೂ ಹತ್ತು ವರ್ಷದ ಹಿಂದೆ. ಇದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಬೇಕಿತ್ತು. ನಾಲ್ಕು ಗಿರಾಕಿಗಳ ಎದುರು ಹೇಳಿಬಿಟ್ಟೆ.

“ಕಾಕಾ, ನಿಮ್ಮ ಗಂಟಲಾ ಛಲೋ ಅದ. ಕೈ ಮುಗಿಯೂಮುಂದ ನಿಮಗ ಸ್ವರಾ ಕೊಡತಿದ್ದದ್ದು ಆ ಹಳೀ ಪಿಕಪ್ಪಿನ ಗುಂಯ್. ಅದನ್ನ ನಾವು ಕಿತ್ತೀವಿ.”

ಕಾಕಾ ತಾಳವನ್ನು ಮೆಲ್ಲಗೆ ಕೆಳಗಿಟ್ಟರು. “ಅಂದ್ರ ಹತ್ತು ವರ್ಷ ನಾ ಹಾರ ಹಾಕಿಸಿಕೊಂಡಿದ್ದು ಕರೆಂಟಿನ ಕಂಬಕ್ಕ ಹೋಗಬೇಕಿತ್ತೇನು?” ಗಿರಾಕಿಗಳು ಬಿದ್ದುಬಿದ್ದು ನಕ್ಕರು. ಕಾಕಾ ಏನೂ ಕೊಳ್ಳದೆ ಹೋದರು.

೬. ಗುಂಯ್ ವಾಪಸ್

ಹಳೆಯದನ್ನು ಹಾಕೋಣವೆಂದರೆ ಅದು ಗಿರಣಿಯಲ್ಲಿ ಮೊಳೆ ಹಿಡಿಯುತ್ತಿತ್ತು. ಮಿಸ್ತ್ರಿಯ ಹತ್ತಿರ ಓಡಿದೆ.

“ಹೊಸದ್ರಾಗ ಗುಂಯ್ ಬರೂ ಹಂಗ ಮಾಡು.”

“ಸೇಟ್, ಗುಂಯ್ ತಗಿ ಅಂತ ಬಂದವರನ್ನ ನೋಡೀನಿ, ಹಾಕು ಅಂತ ಬಂದಾವರು ನೀವ ಮೊದಲು. ಬಿಸಿಲಾಗ ತಿರಗ್ಯಾಡಬ್ಯಾಡ್ರಿ.”

ಆದರೂ ಜೋಡಿ ಸುರುಳಿಯಲ್ಲಿ ಒಂದರ ತಂತಿ ಬಿಡಿಸಿ, ಒಂಟಿ ಮಾಡಿ ಕೊಟ್ಟ. ಮುಂದಿನ ಭಜನೆ ರಾಜೇಶ್ವರದಲ್ಲೇ. ಕಾಕಾನನ್ನು ಕಾಡಿ ಬೇಡಿ ಮುಂದೆ ನಿಲ್ಲಿಸಿದೆವು. ಎಲ್ಲರೂ ಕೈ ಮುಗಿದೆವು. ಬಾಕ್ಸು ಗುಂಯ್ ಎಂದಿತು.

ಕಾಕಾ ಕಣ್ಣು ತೆರೆದು ಗಿರಣಿಯವನನ್ನು ನೋಡಿದರು. “ಕೈ ಇಡಲೇ ತಂತಿ ಮ್ಯಾಲ. ಯಾಂವ ಹಾಡಾಕತ್ತಾನ ಅಂತ ಮಂದಿಗೆ ತಿಳೀಲಿ.”

ಬಾಕ್ಸು ಸುಮ್ಮನಾಯಿತು. ಕಾಕಾ ತಮ್ಮಷ್ಟಕ್ಕೇ ಹಾಡು ಎತ್ತಿದರು. ಸ್ವರ ತಪ್ಪಿತು. ತಪ್ಪಿದ್ದು ಅವರಿಗೂ ಗೊತ್ತಾಯಿತು. ಆದರೂ ಕೊನೆಯ ನುಡಿಯವರೆಗೆ ಬಿಡದೆ ಹಾಡಿದರು. ಈ ಸಲ ಯಾರೂ ನಗಲಿಲ್ಲ. ಮುಗಿಸಿ, ಮೈಕು ಬಾಯಿಗಿರುವಾಗಲೇ ನನ್ನ ಕಡೆ ತಿರುಗಿದರು.

“ಸಾವಕಾರ್ರ, ಇದು ನಂದು ಅಸಲಿ ದನಿ. ಇದಕ್ಕ ಹಾಕೂವಂಥಾದ್ದು ಏನರ ಅದ ಏನ್ರಿ ನಿಮ್ಮ ಅಂಗಡ್ಯಾಗ?”

ಮಂದಿಯೆಲ್ಲ ಹೋ ಎಂದು ನಕ್ಕಿತು, ಕಾಕಾನೂ ನಕ್ಕರು. ಮೂವತ್ತು ವರ್ಷದ ವ್ಯಾಪಾರದಲ್ಲಿ ಗಿರಾಕಿಗೆ “ಇಲ್ಲ” ಎಂದು ನಾನು ಹೇಳಿದ್ದು ಅದೇ ಮೊದಲು.