ನನ್ನ ‘ಕೊನೆಯ ಆಪರೇಷನ್’ ಓದಿದವರು

ಪುಸ್ತಕ ಬರೆಯುವ ಕಷ್ಟ ಒಂದೇ ಸಲದ್ದು. ಅದನ್ನು ಓದಿದವರ ಕೈಗೆ ಸಿಕ್ಕಿಹಾಕಿಕೊಳ್ಳುವುದು ಮಾತ್ರ ದಿನನಿತ್ಯದ್ದು. ಹಾಲಿನ ಬೂತಿನ ಹತ್ತಿರ ಸಿಗುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೇ ಬಂದು ಕೂರುತ್ತಾರೆ. ಮೊನ್ನೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ ಆ ಡಾಕ್ಟರೇ ಎಂಟನೇ ಅಧ್ಯಾಯ ಎಳೆದಿದ್ದೀರಿ ಅಂದರು. ಅವರು ಎಳೆಯುತ್ತಿದ್ದದ್ದು ನನ್ನ ದವಡೆ ಹಲ್ಲು.

ವಿಷಯ ಮೊದಲು ಹೇಳಿಬಿಡುತ್ತೇನೆ. ನಾನು ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಕೂದಲು ಉದುರುವವರೆಗೆ ಕೆಲಸ ಮಾಡಿ ನಿವೃತ್ತನಾದವನು. ಮನೆಯಲ್ಲಿ ಕೂತು ಕುಕ್ಕರ್ ಕೂಗು ಎಣಿಸಲು ಶುರು ಮಾಡಿದಾಗ ಹೆಂಡತಿ, ‘ಏನಾದ್ರೂ ಬರ್ಕೊಳ್ರೀ, ಅಡಿಗೆಮನೆಗೆ ಮಾತ್ರ ಬರ್ಬೇಡಿ’ ಅಂದಳು. ಬರೆದೆ. ಮಿಲಿಟರಿ ಕಾದಂಬರಿ. ಉಗ್ರರು ಬಾಗಲಗುಂಟೆಯ ಒಂದು ಬಾಡಿಗೆ ಮನೆಯಲ್ಲಿ ಅಡಗಿ ಸಂಚು ಮಾಡುತ್ತಾರೆ, ಒತ್ತೆಯಾಳುಗಳನ್ನು ಗಡಿಯ ಹಿಮದ ಬೆಟ್ಟಕ್ಕೆ ಒಯ್ಯುತ್ತಾರೆ, ನಮ್ಮ ಕಮಾಂಡೋಗಳು ಹೋಗಿ ಬಿಡಿಸಿಕೊಂಡು ಬರುತ್ತಾರೆ. ಹೆಸರು ‘ಕೊನೆಯ ಆಪರೇಷನ್’. ಮಿಲಿಟರಿಯ ಬಗ್ಗೆ ನನಗಿದ್ದ ಅನುಭವ ಅಂದರೆ ಯಲಹಂಕದಲ್ಲಿ ಮನೆಯಿರುವುದು. ಅಲ್ಲಿಯ ವಾಯುಪಡೆಯ ವಿಮಾನ ಹಾರಿದಾಗಲೆಲ್ಲ ಟೆರೇಸ್ ಹತ್ತಿ ನೋಡಿದ್ದೇನೆ.

ಇದರಲ್ಲಿ ತಮಾಷೆ ಬಿಟ್ಟು ಇನ್ನೊಂದು ಸಂಗತಿಯೂ ಇತ್ತು. ನನ್ನ ಮಗಳು ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಅದೇ ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬ ಹುಡುಗ, ಬೆಳಗಾವಿ ಕಡೆಯವನು, ಅವನಿಗೂ ಇವಳಿಗೂ ಒಪ್ಪಿಗೆಯಾಗಿತ್ತು. ನಮಗೂ ಆಯಿತು. ಹುಡುಗನ ತಂದೆ ಒಪ್ಪುವುದು ಮಾತ್ರ ಉಳಿದಿತ್ತು. ಅವರು ಮಿಲಿಟರಿಯ ನಿವೃತ್ತ ಹವಾಲ್ದಾರರು, ಈಗ ಸೋಲದೇವನಹಳ್ಳಿಯಲ್ಲೇ ಮಗನ ಜೊತೆ ಇದ್ದಾರೆ. ಮಗಳು ಹೆಮ್ಮೆಯಿಂದ ನನ್ನ ಪುಸ್ತಕ ಅವರಿಗೆ ಕಳಿಸಿಬಿಟ್ಟಳು. ‘ಓದಿ ಮುಗಸ್ತೀನಿ, ಆಮ್ಯಾಲ ಮಾತಾಡೂಣು’ ಅಂದರಂತೆ. ಅಷ್ಟೇ. ಆಮೇಲೆ ಆ ಕಡೆಯಿಂದ ಸುದ್ದಿಯಿಲ್ಲ. ಬೇರೆ ಓದುಗರೆಲ್ಲ ಬೇಡವೆಂದರೂ ಅಭಿಪ್ರಾಯ ಕೊಡುತ್ತಿದ್ದಾಗ ನನಗೆ ಬೇಕಾಗಿದ್ದ ಆ ಒಂದು ಅಭಿಪ್ರಾಯ ಬರಲಿಲ್ಲ. ನಾನು ಟೆರೇಸ್ ಮೇಲೆ ನಿಂತು ಯುದ್ಧ ಬರೆದವನು ಅಂತ ಅವರಿಗೆ ಮೊದಲ ಪುಟದಲ್ಲೇ ಗೊತ್ತಾಗಿರಬೇಕು ಅಂದುಕೊಂಡೆ.

ಮೂಸಂಬಿ

ಪುಸ್ತಕ ಬಿಡುಗಡೆಗೆ ಕಾರ್ಡು ಅಚ್ಚು ಹಾಕಿಸುವುದು ಯಾಕೆ ಅಂತ ಮೊಬೈಲಿನಲ್ಲೇ ಎಲ್ಲರಿಗೂ ಸಂದೇಶ ಕಳಿಸಿದೆ. ‘ಭಾನುವಾರ ನನ್ನ ಕೊನೆಯ ಆಪರೇಷನ್. ತಾವೆಲ್ಲ ಬಂದು ಹರಸಬೇಕು.’ ಚಿಕ್ಕದಾಗಿ ಚೊಕ್ಕವಾಗಿದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಆರ್‌.ಟಿ. ನಗರದಲ್ಲಿರುವ ನಮ್ಮ ಅತ್ತಿಗೆಯವರಿಗೆ ಭಾನುವಾರ ಬರಲಾಗಲಿಲ್ಲ. ಸೋಮವಾರ ಬಂದರು. ಒಂದು ಕೈಯಲ್ಲಿ ಮೂಸಂಬಿ ಚೀಲ, ಇನ್ನೊಂದು ಕೈಯಲ್ಲಿ ಗಂಜಿ ತುಂಬಿದ ಫ್ಲಾಸ್ಕು. ನಾನು ಒಳಗೆ ಮಲಗಿದ್ದೆ, ಊಟ ಮಾಡಿ. ಹೊರಗೆ ನಡೆದ ಮಾತು ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು. ಅತ್ತಿಗೆ ಮೆಲ್ಲಗೆ, ಹೇಗಾಯಿತು ಅಂತ ಕೇಳಿದರು. ನನ್ನ ಹೆಂಡತಿ, ಚೆನ್ನಾಗಾಯ್ತು, ನಿನ್ನೆನೇ ಬಿಡುಗಡೆನೂ ಆಯ್ತು ಅಂದಳು.

‘ಅದೇ ದಿನ ಬಿಡುಗಡೆ ಮಾಡ್ಬಿಟ್ರಾ? ಹೊಲಿಗೆ?’

‘ಹೊಲಿಗೆ ಹಾಕ್ಸಿಲ್ಲ ಅತ್ತಿಗೆ, ಬರೀ ಗಮ್ ಹಚ್ಚಿದ್ದಾರೆ. ಒಂದೆರಡು ಸಲ ಅಗಲಿಸಿದ್ರೆ ಬಿಟ್ಕೊಳತ್ತೆ ಅಂತಾನೂ ಹೇಳಿದ್ರು.’

ಆಮೇಲೆ ಅತ್ತಿಗೆ ಒಳಗೆ ಬಂದು ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. ನಾನು ದಡಬಡಿಸಿ ಏಳಲು ಹೋದೆ. ಹೆಗಲು ಒತ್ತಿ ಮಲಗಿಸಿ ಅಂದರು: ‘ಏಳ್ಬೇಡಿ, ಗಮ್ ಬಿಟ್ಕೊಂಡೀತು.’

ಫ್ಯಾಮಿಲಿ

ಬಾಗಲಗುಂಟೆಯಲ್ಲಿ ನನ್ನ ಹಳೆಯ ಪಾಲಿಸಿದಾರರೊಬ್ಬರಿದ್ದಾರೆ. ಆ ಊರು ಬರೀ ಹೊಲವಾಗಿದ್ದ ಕಾಲದಿಂದ ಇರುವ ಮನೆತನ. ಈಗ ಹೊಲದಲ್ಲಿ ಮೂರು ಅಂತಸ್ತಿನ ಬಾಡಿಗೆ ಮನೆ ಬೆಳೆದಿದೆ. ಉಗ್ರರಿಗೆ ಒಂದು ಮನೆ ಬೇಕಾದಾಗ ನನಗೆ ನೋಡಿ ಗೊತ್ತಿದ್ದದ್ದು ಅದೊಂದೇ. ಹಸಿರು ಗೇಟು, ಮೆಟ್ಟಿಲ ಕೆಳಗಿನ ಮೋಟರು, ಗೋಡೆಗೆ ಒರಗಿದ ನುಗ್ಗೆಮರ ಸಮೇತ ಅದನ್ನೇ ಬರೆದುಬಿಟ್ಟಿದ್ದೆ. ಯಾರಿಗೆ ಗೊತ್ತಾಗುತ್ತೆ ಅಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಅವರೇ. ಕಂಕುಳಲ್ಲಿ ನನ್ನ ಪುಸ್ತಕ. ಕಾಫಿ ಬೇಡ ಅಂದರು. ಬಾಗಲಗುಂಟೆಯವರು ಕಾಫಿ ಬೇಡ ಅಂದರೆ ವಿಷಯ ಗಂಭೀರ ಅಂತಲೇ ಲೆಕ್ಕ. ಮಗಳ ಮದುವೆ ಮಾತು ಬೇರೆ ತೂಗಾಡುತ್ತಿದೆ, ಈಗ ಪೊಲೀಸ್ ಕಂಪ್ಲೇಂಟೂ ಆದರೆ ಆ ಹವಾಲ್ದಾರರು ಪೂರ್ತಿ ಕೈ ತೊಳೆದುಕೊಳ್ಳುತ್ತಾರೆ ಅಂತ ನನಗೆ ಬೆವರು ಬಂತು.

‘ಇಂಗೆ ಮಾಡಬವ್ದಾ ಸಾರ್ ನೀವು? ಓದ್ದೋರು ನೀವು.’

ನಾನು, ಅದು ಬರೀ ಕಲ್ಪನೆ, ಎರಡನೇ ಮುದ್ರಣದಲ್ಲಿ ಗೇಟಿಗೆ ಬೇರೆ ಬಣ್ಣ ಹಚ್ಚುತ್ತೇನೆ, ನುಗ್ಗೆಮರ ಕಡಿಸುತ್ತೇನೆ ಅಂತ ತಡವರಿಸಿದೆ. ಅವರು ಕೈ ಅಡ್ಡ ಹಿಡಿದರು. ಗೇಟಿನ ವಿಷಯವಲ್ಲವಂತೆ. ಮನೆ ವರ್ಣನೆ ಚೆನ್ನಾಗಿದೆಯಂತೆ, ಮೊಮ್ಮಗಳು ಓದಿ ಹೇಳಿದಾಗ ಮನೆಯವರೆಲ್ಲ ಖುಷಿಪಟ್ಟರಂತೆ.

‘ನಮ್ಮನೆ ಮುಂದೆ ಬೋರ್ಡ್ ಐತಲ್ಲ ಸಾರ್, ಬ್ಯಾಚಲರ್ಸ್‌ಗೆ ಇಲ್ಲ ಅಂತ. ನೀವು ನೋಡ್ಕೊಂಡೇ ಬಂದೋರು. ನಾಲ್ಕು ಜನ ಗಂಡುಡುಗ್ರನ್ನ ತಂದು ಮಡಗಿದ್ದೀರಲ್ಲ. ಉಗ್ರರಾದ್ರೂ ಓಗ್ಲಿ, ಫ್ಯಾಮಿಲಿ ಇರೋರ್ನ ಆಕಬೇಕಿತ್ತು.’

ಏಳು ವರ್ಷ

ನನ್ನ ಜೊತೆ ಕ್ಲೇಮ್ ವಿಭಾಗದಲ್ಲಿ ಪಕ್ಕದ ಮೇಜಿನಲ್ಲಿದ್ದ ಗೆಳೆಯರು ಈಗ ಯಶವಂತಪುರದಲ್ಲಿದ್ದಾರೆ. ಸೇವೆಯಲ್ಲಿದ್ದಾಗ ಯಾರು ಸತ್ತರೂ ಅವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಏನಾದರೊಂದು ಕೊರತೆ ಹುಡುಕಿ ಫೈಲು ವಾಪಸು ಕಳಿಸುತ್ತಿದ್ದರು. ಪುಸ್ತಕ ಕೊಟ್ಟು ಬಂದ ವಾರಕ್ಕೆ ಫೋನು ಬಂತು.

ಆರನೇ ಅಧ್ಯಾಯದ ಕೊನೆಯಲ್ಲಿ ನಮ್ಮ ಕಥಾನಾಯಕ ಮೇಜರು ಗುಂಡೇಟು ತಿಂದು ಹಿಮದ ನೀರಿನ ನದಿಗೆ ಬೀಳುತ್ತಾನೆ. ಏಳನೇ ಅಧ್ಯಾಯದಲ್ಲಿ ಅವನ ಹೆಂಡತಿ ಗೋಳಾಡುತ್ತಾಳೆ. ನಾನು ಅತ್ತುಕೊಂಡೇ ಬರೆದ ಅಧ್ಯಾಯ ಅದು. ಹೆಂಡತಿಗೆ ಓದಿ ಹೇಳಿದಾಗ ಅವಳೂ ಒಗ್ಗರಣೆ ಸೀಯಲು ಬಿಟ್ಟಿದ್ದಳು. ಗೆಳೆಯರು ಅದೇ ಅಧ್ಯಾಯ ಹಿಡಿದರು.

‘ಬಾಡಿ ಸಿಕ್ತೇನ್ರೀ?’

ಸಿಗಲಿಲ್ಲ, ನದಿ ಎಳೆದುಕೊಂಡು ಹೋಯಿತು ಅಂದೆ.

‘ಮತ್ತೆ ಆಯಮ್ಮ ಯಾಕೆ ಅಳ್ತಾಳೆ? ಬಾಡಿ ಇಲ್ಲ, ಸರ್ಟಿಫಿಕೇಟ್ ಇಲ್ಲ. ಕಾಣೆಯಾದವನು ಸತ್ತ ಅಂತ ತಿಳ್ಕೊಳ್ಳೋಕೆ ಏಳು ವರ್ಷ ಕಾಯ್ಬೇಕು. ನಮಗೆಲ್ಲ ಹೇಳ್ಕೊಟ್ಟೋರೇ ನೀವು.’

ಅವಳಿಗೆ ದುಃಖ ಆಗುತ್ತಲ್ಲ ಮಾರಾಯರೇ ಅಂದೆ. ಏಳು ವರ್ಷದ ಮೇಲೆ ಆಗಲಿ, ಯಾರು ಬೇಡ ಅಂತಾರೆ ಅಂದರು. ಹೇಗೂ ಹನ್ನೆರಡನೇ ಅಧ್ಯಾಯದಲ್ಲಿ ಮೇಜರು ಜೀವಂತ ಬರುತ್ತಾನೆ, ಓದಿ ನೋಡಿ ಅಂತ ಸಮಾಧಾನ ಹೇಳಿದೆ. ಆ ಕಡೆಯಿಂದ ದೊಡ್ಡ ನಿಟ್ಟುಸಿರು ಕೇಳಿತು.

‘ನೋಡಿದ್ರಾ? ಇದಕ್ಕೇ ನಾನು ಯಾರ್ದೂ ಬೇಗ ಪಾಸ್ ಮಾಡ್ತಿರ್ಲಿಲ್ಲ.’

ಒಂದೇ ತಕರಾರು

ಅಂತೂ ಸೋಲದೇವನಹಳ್ಳಿಯಿಂದ ಫೋನು ಬಂತು. ಹವಾಲ್ದಾರರೇ. ‘ಐತವಾರ ಮನಿಗೆ ಬರ್ರಿ. ಪುಸ್ತಕದ ಬಗ್ಗೆ ಒಂದ ಮಾತು ಅದ’ ಅಂದು ಇಟ್ಟುಬಿಟ್ಟರು. ಲಗ್ನದ ಬಗ್ಗೆ ಒಂದ ಮಾತು ಅನ್ನಲಿಲ್ಲ, ಪುಸ್ತಕದ ಬಗ್ಗೆ ಅಂದರು. ಮಗಳು ಆ ಮೂರು ದಿನ ನನ್ನ ಮುಖ ನೋಡಿದ ರೀತಿ ಯಾವ ಅಪ್ಪನಿಗೂ ಬೇಡ. ‘ಅಡಿಗೆ ಪುಸ್ತಕ ಬರೀಬಾರ್ದಿತ್ತೇನಪ್ಪಾ’ ಅಂದಳು ಒಮ್ಮೆ.

ಭಾನುವಾರ ನಾವು ಮೂವರೂ ಆಟೋ ಹತ್ತಿ ಹೋದೆವು. ಬಾಗಿಲಲ್ಲೇ ನಿಂತಿದ್ದರು. ನನಗಿಂತ ಒಂದು ಮೊಳ ಎತ್ತರ, ಕಟ್ಟುಮಸ್ತು ಮೈ, ಆ ಮೀಸೆಯೇ ಸಾಕು ಗಡಿ ಕಾಯಲು. ಒಳಗೆ ಕೂರಿಸಿದರು. ಅವರ ಹೆಂಡತಿ ಗಿರ್ಮಿಟ್ಟು, ಚಹಾ ತಂದಿಟ್ಟು ಅಡಿಗೆಮನೆ ಬಾಗಿಲಿಗೆ ಒರಗಿ ನಿಂತರು. ಟೀಪಾಯಿಯ ಮೇಲೆ ನನ್ನ ಪುಸ್ತಕ, ಅದರ ಕೊನೆಯ ಭಾಗದಲ್ಲಿ ಗುರುತಿಗೆ ಸಿಕ್ಕಿಸಿದ ಒಂದು ಬಸ್ ಟಿಕೆಟು. ನನ್ನ ಕಣ್ಣು ಆ ಟಿಕೆಟಿನ ಮೇಲೇ.

ತಡೆಯಲಾರದೆ ನಾನೇ, ಮಿಲಿಟರಿಯಲ್ಲಿ ಯಾವ ವಿಭಾಗದಲ್ಲಿದ್ದಿರಿ ಅಂತ ಕೇಳಿದೆ. ಅವರು ಹುಡುಗನ ಮುಖ ನೋಡಿದರು, ಕಿಟಕಿ ನೋಡಿದರು, ಆಮೇಲೆ ತಗ್ಗಿದ ದನಿಯಲ್ಲಿ, ‘ನಾನು ಹೇಸರಗತ್ತಿ ಕಂಪನಿ ರೀ’ ಅಂದರು.

ನನಗೆ ಕೇಳಿಸಿದ್ದು ಹೆಸರಘಟ್ಟ. ಅವರ ಮನೆಯಿರುವ ರಸ್ತೆಯೇ ಹೆಸರಘಟ್ಟದ್ದು. ಅಲ್ಲಿ ಮಿಲಿಟರಿ ಕಂಪನಿ ಇದ್ದದ್ದೇ ನನಗೆ ಗೊತ್ತಿರಲಿಲ್ಲ, ಏನೋ ಗುಪ್ತ ತುಕಡಿ ಇರಬೇಕು ಅಂತ ಗೌರವ ಇನ್ನೂ ಹೆಚ್ಚಿ, ‘ಆ ಹುಲ್ಲುಗಾವಲಿನ ಹತ್ತಿರಾನಾ?’ ಅಂದೆ.

‘ಹುಲ್ಲು ಇರಬೇಕಲ್ರೀ ಮತ್ತ. ಇಲ್ಲಂದ್ರ ತಿಂತಾವೇನ ಅವು?’

ಹುಡುಗ ಬಾಯಿ ಮುಚ್ಚಿಕೊಂಡು ನಗು ತಡೆದು ಬಿಡಿಸಿ ಹೇಳಿದ. ಹೆಸರಘಟ್ಟ ಅಲ್ಲ, ಹೇಸರಗತ್ತೆ. ರಸ್ತೆಯಿಲ್ಲದ ಬೆಟ್ಟಗಳಲ್ಲಿ ಮೇಲಿನ ಠಾಣೆಗಳಿಗೆ ಸಾಮಾನು ಹೊರುವ ಮಿಲಿಟರಿ ಹೇಸರಗತ್ತೆಗಳು. ಅಪ್ಪ ಇಡೀ ಸರ್ವಿಸು ಅವುಗಳ ಹಗ್ಗ ಹಿಡಿದು ಬೆಟ್ಟ ಹತ್ತಿ ಇಳಿದವರು. ಹವಾಲ್ದಾರರು ಉಳಿದದ್ದನ್ನೂ ತಾವೇ ಒದರಿಬಿಟ್ಟರು. ಗುಂಡು, ಬಾಂಬು, ಮುತ್ತಿಗೆ ಇದೆಲ್ಲ ಅವರಿಗೂ ಅಷ್ಟಕ್ಕಷ್ಟೇ. ನನ್ನ ಪುಸ್ತಕ ಓದಿ ಅವರಿಗೇ ದಿಗಿಲಾಗಿತ್ತಂತೆ.

‘ಇಷ್ಟೆಲ್ಲಾ ಯುದ್ಧ ಗೊತ್ತಿದ್ದ ಮನಷ್ಯಾ ಎದುರಿಗೆ ಕುಂತು ಏನೇನ ಕೇಳ್ತಾರೋ, ನನ್ನ ಮರ್ಯಾದಿ ಹೊಕ್ಕದ ಅಂತ ಅಂಜಿ ಇಷ್ಟ ದಿನ ಸುಮ್ನಿದ್ನಿರಿ.’

ನನ್ನ ಎದೆಯ ಮೇಲಿದ್ದ ಇಡೀ ಹಿಮದ ಬೆಟ್ಟ ಕರಗಿ ಹೋಯಿತು. ನನ್ನ ಹೆಂಡತಿ ತಕ್ಷಣ, ‘ಅಯ್ಯೋ ಅಣ್ಣಾವ್ರೇ, ನಮ್ಮನೆಯವರು ಹಲ್ಲಿ ಬಿದ್ರೆ ಮಂಚ ಹತ್ತಿ ನಿಂತ್ಕೋತಾರೆ, ಇವರಿಗೆ ಹೆದರಿದ್ರಾ’ ಅಂದಳು. ಬೇರೆ ಸಮಯದಲ್ಲಾಗಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಆವತ್ತು ಅಮೃತದಂತಿತ್ತು. ಎಲ್ಲರೂ ನಕ್ಕೆವು. ನಾನು ಒಂದು ಬಾಯಿ ಗಿರ್ಮಿಟ್ಟು ಹಾಕಿಕೊಂಡೆ.

ಆಗ ಹವಾಲ್ದಾರರು ನಗು ನಿಲ್ಲಿಸಿ ಬಸ್ ಟಿಕೆಟು ಸಿಕ್ಕಿಸಿದ ಪುಟ ತೆಗೆದರು.

‘ಎಲ್ಲಾ ಛಲೋ ಐತ್ರಿ. ಒಂದ ತಕರಾರು. ಈ ಹೇಸರಗತ್ತಿ ಏನಾತು?’

ಯಾವ ಹೇಸರಗತ್ತೆ ಅಂತ ನನಗೇ ನೆನಪಿಲ್ಲ. ಅವರು ಓದಿ ತೋರಿಸಿದರು. ಮದ್ದುಗುಂಡು ಹೊತ್ತ ಒಂದು ಹೇಸರಗತ್ತೆಯನ್ನು ಕಮಾಂಡೋಗಳು ಜೊತೆಗೆ ಕರೆದೊಯ್ಯುತ್ತಾರೆ, ಹೊರೆ ಇಳಿಸಿ ಒಂದು ದೇವದಾರು ಮರಕ್ಕೆ ಕಟ್ಟುತ್ತಾರೆ. ಹೋರಾಟ ಮುಗಿಯುತ್ತದೆ, ಹೆಲಿಕಾಪ್ಟರು ಬರುತ್ತದೆ.

‘ಕಮಾಂಡೋ ಹತ್ತಿದ್ರು. ಒತ್ತೆಯಾಳು ಹತ್ತಿದ್ರು. ಸೆರಿ ಸಿಕ್ಕ ಉಗ್ರನೂ ಹತ್ತಿದಾ. ಅದನ್ನ ಯಾರ ಬಿಚ್ಚಿದ್ರು? ಎರಡ ಸಲ ಓದೀನ್ರಿ. ಎಲ್ಲೂ ಬಿಚ್ಚಿಲ್ಲ. ಆ ಥಂಡ್ಯಾಗ ಇನ್ನೂ ಅಲ್ಲೇ ನಿಂತದ.’

ಅವರು ಪುಟದ ಮೇಲಿಟ್ಟ ಬೆರಳು ತೆಗೆಯಲಿಲ್ಲ. ಇದು ತಮಾಷೆಯಲ್ಲ ಅಂತ ಎಲ್ಲರಿಗೂ ತಿಳಿಯಿತು. ಕಟ್ಟಿದ ಪ್ರಾಣಿ ಮರೆತು ಬರುವ ಮನೆತನಕ್ಕೆ ಮಗನನ್ನು ಕೊಡುವುದು ಹೇಗೆ ಅಂತ ಅವರು ಬಾಯಿಬಿಟ್ಟು ಕೇಳಲಿಲ್ಲ, ಮುಖದಲ್ಲಿ ಮಾತ್ರ ಸ್ಪಷ್ಟವಾಗಿ ಬರೆದಿತ್ತು. ಮಗಳು ತನ್ನ ಬ್ಯಾಗಿನಿಂದ ಪೆನ್ನು ತೆಗೆದು ನನ್ನ ಕೈಗೆ ತುರುಕಿದಳು. ‘ಬರಿಯಪ್ಪಾ’ ಅಂದಳು, ಹಲ್ಲು ಕಚ್ಚಿಕೊಂಡು.

ಪುಸ್ತಕದ ಕೊನೆಯ ಪುಟದಲ್ಲಿ ಖಾಲಿ ಜಾಗವಿತ್ತು. ಹೆಲಿಕಾಪ್ಟರು ಹೋದ ಮೇಲೆ ಬೆಳಗಾವಿ ಕಡೆಯ ಒಬ್ಬ ಹವಾಲ್ದಾರ ಹಿಂದೆ ಉಳಿದು, ಹೇಸರಗತ್ತೆಯ ಹಗ್ಗ ಬಿಚ್ಚಿ, ಅದನ್ನು ಜೋಪಾನವಾಗಿ ಬೆಟ್ಟದಿಂದ ಇಳಿಸಿಕೊಂಡು ಬಂದನು ಅಂತ ಬರೆದು ಗಟ್ಟಿಯಾಗಿ ಓದಿದೆ.

ಹವಾಲ್ದಾರರು ಕಣ್ಣು ಮುಚ್ಚಿಕೊಂಡು ಕೇಳಿದರು. ಮೀಸೆ ಸಡಿಲವಾಯಿತು. ಒಂದು ಕಣ್ಣು ತೆರೆದರು.

‘ಇಳಿಸಿದ್ದು ಛಲೋ ಆತು. ನೀರ ಕುಡಸ್ಯಾನೇನು?’

ನೀರು ಕುಡಿಸಿ ಅಂತ ಸೇರಿಸಿದೆ.

‘ಮೇವ?’

ಮೇವು ಹಾಕಿ ಅಂತ ಸೇರಿಸಿದೆ. ಕೇಳುವ ಮೊದಲೇ ಮೈ ತಿಕ್ಕಿ, ಬೆನ್ನ ಮೇಲೆ ಕಂಬಳಿಯನ್ನೂ ಹೊದಿಸಿದೆ. ಪುಟದಲ್ಲಿ ಇನ್ನೂ ಜಾಗವಿದ್ದಿದ್ದರೆ ಅದಕ್ಕೂ ಒಂದು ಮದುವೆ ಮಾಡಿಬಿಡುತ್ತಿದ್ದೆ.

ಹವಾಲ್ದಾರರು ಬಸ್ ಟಿಕೆಟು ತೆಗೆದು ಜೇಬಿಗಿಟ್ಟು, ಪುಸ್ತಕ ಮುಚ್ಚಿ, ನನ್ನ ಎರಡೂ ಕೈ ಹಿಡಿದುಕೊಂಡರು. ‘ಈಗ ಮುಗೀತ್ ನೋಡ್ರಿ ಬೀಗರ ಕಥಿ’ ಅಂದರು. ಬೀಗರು ಅಂದದ್ದು ಕೇಳಿ ಮಗಳು ಕೂತಲ್ಲೇ ನೆಮ್ಮದಿಯ ಉಸಿರು ಬಿಟ್ಟಳು. ಅವರು ಅಡಿಗೆಮನೆ ಕಡೆ ತಿರುಗಿ, ಎಲಿ-ಅಡಿಕಿ ತಾ ಅಂತ ಕೂಗಿದರು.

ಬೀಗಿತ್ತಿ ಬಾಗಿಲಿನಿಂದ ಅಲ್ಲಾಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನನ್ನ ಹೆಂಡತಿಗೆ ಹೇಳಿದರು:

‘ಲಗ್ನ ಆಗಿ ಮೂವತ್ತ ವರ್ಷ ಆತ್ರೀ ಯಕ್ಕಾ. ನೀರ ಕುಡದೀಯೇನು ಅಂತ ನನ್ನ ಒಮ್ಮೆನೂ ಕೇಳಿಲ್ಲ ಇವ್ರು.’