ಭಾವನ ಕತ್ತಿ, ಅಮ್ಮನ ಹುಣಸೆಹಣ್ಣು

ನಮ್ಮ ಭಾವನಿಗೆ ಈರುಳ್ಳಿ ಹೆಚ್ಚಲು ಬರುವುದಿಲ್ಲ. ಸೌತೆಕಾಯಿ ಕೊಟ್ಟರೆ ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ವಾಪಸು ಕೊಡುತ್ತಾರೆ. ಅಂಥವರ ಮನೆಯಲ್ಲಿ ಸಮುರಾಯ್‌ಗಳ ಕಾಲದ ಜಪಾನಿ ಕತ್ತಿ ಇದೆ ಎಂದರೆ ನೀವು ನಂಬುತ್ತೀರಾ?

ಭಾವ ಅಂದರೆ ನನ್ನ ಅಕ್ಕನ ಗಂಡ, ಬ್ರಿಸ್ಬೇನಿನಲ್ಲಿ ಅರಿವಳಿಕೆ ಡಾಕ್ಟರು. ಬೇರೆಯವರು ಚಾಕು ಹಿಡಿಯುವ ಮೊದಲು ರೋಗಿಯನ್ನು ಮಲಗಿಸುವುದು ಅವರ ಕೆಲಸ. ಜೀವಮಾನವಿಡೀ ಬೇರೆಯವರ ಕೈಯಲ್ಲಿ ಚಾಕು ನೋಡಿ ನೋಡಿ ತಾವೂ ಏನಾದರೊಂದು ಹಿಡಿಯಬೇಕು ಅನ್ನಿಸಿರಬೇಕು ಎಂಬುದು ಅಕ್ಕನ ಅನುಮಾನ. ಐವತ್ತು ದಾಟಿದ ಮೇಲೆ ಒಬ್ಬರಿಗೆ ಗಾಲ್ಫ್ ಹುಚ್ಚು, ಇನ್ನೊಬ್ಬರಿಗೆ ಸೈಕಲ್ ಹುಚ್ಚು ಹಿಡಿಯುತ್ತದೆ. ಇವರಿಗೆ ಕತ್ತಿಯ ಹುಚ್ಚು ಹಿಡಿಯಿತು.

ಮೊದಲ ಕತ್ತಿ ಸಿಕ್ಕಿದ್ದು ನಮ್ಮ ಪರ್ತ್‌ನಲ್ಲಿ. ಪಿಯಾರಾ ವಾಟರ್ಸ್‌ನ ನಮ್ಮ ಮನೆಗೆ ರಜೆಗೆ ಬಂದವರು, ಕೊತ್ತಂಬರಿ ಸೊಪ್ಪು ತರುತ್ತೇನೆಂದು ಭಾನುವಾರದ ಸಂತೆಗೆ ಹೋಗಿ ಕತ್ತಿ ಹಿಡಿದುಕೊಂಡು ಬಂದರು. ಸೊಪ್ಪು ಮರೆತಿದ್ದರು. ಕಪ್ಪು ಒರೆ, ಅದರ ಮೇಲೊಂದು ಕೆಂಪು ಡ್ರ್ಯಾಗನ್. ಮಾರಿದವನಿಗೇ ಇದರ ಯೋಗ್ಯತೆ ಗೊತ್ತಿಲ್ಲ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಹಳೆಯ ಜಪಾನಿ ಕತ್ತಿಯ ಹಿಡಿಯನ್ನು ಒಂದು ಸಣ್ಣ ಬಿದಿರಿನ ಕೀಲು ಹಿಡಿದಿರುತ್ತದಂತೆ. ಕೀಲು ತಟ್ಟಿ ತೆಗೆದರೆ ಹಿಡಿ ಕಳಚಿಕೊಳ್ಳುತ್ತದೆ, ಒಳಗೆ ಅಡಗಿರುವ ಕತ್ತಿಯ ಬುಡದಲ್ಲಿ ಅದನ್ನು ಮಾಡಿದವನ ಹೆಸರು ಕೊರೆದಿರುತ್ತದೆ. ಭಾವ ತಟ್ಟಿದರು, ಬಡಿದರು, ಹೊರಗೆ ಬಿಸಿಲಿಗೂ ಇಟ್ಟರು. ಏನೂ ಆಗಲಿಲ್ಲ. ಕೊನೆಗೆ ನನ್ನ ಗಂಡ, ಪುಸ್ತಕದ ಕಪಾಟಿನ ಜೊತೆ ಬಂದಿದ್ದ, ಸ್ಕ್ರೂ ಬಿಗಿಸುವ ಅಲೆನ್ ಕೀ ತಂದು ತಿರುಗಿಸಿದ. ಬಿದಿರಿನ ಕೀಲಲ್ಲ, ಸ್ಕ್ರೂ, ಸಲೀಸಾಗಿ ಬಿಚ್ಚಿಕೊಂಡಿತು! ಆ ಕತ್ತಿ ಈಗ ನಮ್ಮ ಗ್ಯಾರೇಜಿನಲ್ಲಿದೆ. ಜೇಡರ ಬಲೆ ತೆಗೆಯಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಇಷ್ಟಾದ ಮೇಲೆ ಬೇರೆ ಯಾರಾದರೂ ಸುಮ್ಮನಾಗುತ್ತಿದ್ದರು. ಭಾವ ಓದಲು ಕುಳಿತರು. ಎಂ.ಡಿ. ಪರೀಕ್ಷೆಗೂ ಅಷ್ಟು ಓದಿರಲಿಲ್ಲವಂತೆ. ಆಮೇಲೆ ಬ್ರಿಸ್ಬೇನಿನ ಇಂಡೂರೂಪಿಲ್ಲಿಯಲ್ಲಿ ಯಾರದೋ ಮನೆಯಂಗಳದ ಮಾರಾಟದಲ್ಲಿ ಎರಡನೆಯದು ಸಿಕ್ಕಿತು. ಅದು ನಿಜವಾಗಿಯೂ ಜಪಾನಿನದೇ, ಆದರೆ ಯುದ್ಧಕಾಲದಲ್ಲಿ ಕಾರ್ಖಾನೆಯಲ್ಲಿ ಮಾಡಿದ್ದು. ಪರವಾಗಿಲ್ಲ, ಇದು ಅಭ್ಯಾಸಕ್ಕೆ ಎಂದರು. ಅಭ್ಯಾಸ ಅವರಿಗಲ್ಲ, ನಮಗೆ! ಕತ್ತಿಯ ಮುಂದೆ ಮಾತಾಡಬಾರದು, ಉಸಿರಿನ ತೇವ ತಾಗಿದರೂ ಉಕ್ಕು ಕೆಡುತ್ತದೆ, ಬಾಯಲ್ಲಿ ಕಾಗದ ಕಚ್ಚಿಕೊಂಡು ನೋಡುವುದು ಅಲ್ಲಿಯ ಪದ್ಧತಿ ಎಂದು ಎಲ್ಲೋ ಓದಿದ್ದರು. ಬಿಸಿಬೇಳೆಬಾತ್ ಉಣ್ಣಲು ಬಂದ ಕನ್ನಡದ ಡಾಕ್ಟರುಗಳೆಲ್ಲ ತುಟಿಯ ನಡುವೆ ಟಿಶ್ಯೂ ಕಚ್ಚಿಕೊಂಡು ಸಾಲಾಗಿ ನಿಂತು ನೋಡಬೇಕಾಯಿತು. ನಮ್ಮವರು ಇಷ್ಟು ಜನ ಒಂದೇ ಕೋಣೆಯಲ್ಲಿ ಸುಮ್ಮನಿದ್ದದ್ದು ಇದೇ ಮೊದಲು ಎಂದು ಅಕ್ಕ ಅಡುಗೆಮನೆಯಿಂದಲೇ ಹೇಳಿದಳು.

ಮೂರನೆಯದು ಅಡಿಲೇಡಿನಿಂದ ಬಂತು. ಅಲ್ಲಿನ ಒಬ್ಬ ಅಜ್ಜಿಯ ತಂದೆ ಯುದ್ಧದಿಂದ ಮರಳುವಾಗ ತಂದದ್ದು, ಬಟ್ಟೆಯ ಬೀರುವಿನಲ್ಲಿ ಕೋಟುಗಳ ಹಿಂದೆ ಅಷ್ಟು ಕಾಲ ನಿಂತಿತ್ತಂತೆ. ಕೊಂಡುಕೊಳ್ಳಲು ಬಂದವರನ್ನೆಲ್ಲ ಆಕೆ, ಇದನ್ನಿಟ್ಟುಕೊಂಡು ಏನು ಮಾಡ್ತೀರಿ ಎಂದು ಕೇಳುತ್ತಿದ್ದರಂತೆ. ಎಣ್ಣೆ ಹಚ್ಚಿ ಒರೆಸುತ್ತೇನೆ ಎಂದ ನಮ್ಮ ಭಾವನಿಗೆ ಕೊಟ್ಟರು. ವಿಮಾನದಲ್ಲಿ ತರಲು ಕ್ರಿಕೆಟ್ ಕಿಟ್ ಬ್ಯಾಗಿನೊಳಗೆ ಇಟ್ಟು ಲಗೇಜಿಗೆ ಹಾಕಿದ್ದರು. ಬ್ರಿಸ್ಬೇನಿನಲ್ಲಿ ಇಳಿದಾಗ ಯಾರೋ ಕನ್ನಡದ ಹುಡುಗ, ಈ ವಯಸ್ಸಲ್ಲೂ ಆಡ್ತೀರಾ ಅಂಕಲ್ ಎಂದು ಮೆಚ್ಚುಗೆಯಿಂದ ಕೇಳಿದನಂತೆ.

ಆ ಕತ್ತಿಯನ್ನು ನಾನೂ ನೋಡಿದೆ, ಟಿಶ್ಯೂ ಕಚ್ಚಿಕೊಂಡೇ. ನಗಲೆಂದೇ ನಿಂತಿದ್ದವಳಿಗೆ ನಗು ಬರಲಿಲ್ಲ. ಅಲಗಿನ ಉದ್ದಕ್ಕೂ ಹಾಲಿನ ಕೆನೆಯ ಅಂಚಿನಂಥ ಬಿಳಿ ಗೆರೆ. ವಾಲಿಸಿದರೆ ಕಾಣುತ್ತದೆ, ನೆಟ್ಟಗೆ ಹಿಡಿದರೆ ಮಾಯ. ಯಾರು ಮಾಡಿದರೋ, ಯಾರ ಸೊಂಟದಲ್ಲಿತ್ತೋ? ಹಿಡಿ ತಟ್ಟಿದರೆ ಬಿದಿರಿನ ಕೀಲು ಹಗುರಾಗಿ ಹೊರಬಂತು. ಒಳಗೆ ಕಪ್ಪಗೆ ತುಕ್ಕು ಹಿಡಿದ ಬುಡ, ಅದರಲ್ಲಿ ಮಸುಕಾದ ಎರಡು ಅಕ್ಷರ. ಅಲಗನ್ನು ಎಷ್ಟು ಬೇಕಾದರೂ ಒರೆಸಬಹುದು, ಬುಡದ ತುಕ್ಕನ್ನು ಮಾತ್ರ ಮುಟ್ಟಬಾರದು ಎಂದರು ಭಾವ. ಆ ತುಕ್ಕೇ ಕತ್ತಿಯ ಜಾತಕ, ಬಲ್ಲವರು ಅದರ ಬಣ್ಣ ನೋಡಿ ವಯಸ್ಸು ಹೇಳುತ್ತಾರೆ. ಅಡಿಲೇಡಿನಲ್ಲಿ ಅಂಥ ಬಲ್ಲವರೊಬ್ಬರಿದ್ದರು, ನಿವೃತ್ತ ಇತಿಹಾಸದ ಮೇಷ್ಟ್ರು. ಫೋಟೊ ನೋಡಿಯೇ ಅವರು, ಇದು ಬಹಳ ಹಳೆಯದಿರಬಹುದು, ನವರಾತ್ರಿ ಕಳೆದ ಮುಂದಿನ ವಾರ ನಮ್ಮ ಕತ್ತಿಪ್ರಿಯರ ಸಭೆಗೆ ತನ್ನಿ, ಕೈಯಲ್ಲಿ ಹಿಡಿದು ಖಚಿತವಾಗಿ ಹೇಳುತ್ತೇನೆ ಎಂದಿದ್ದರು. ಅಲೆನ್ ಕೀ ಪ್ರಸಂಗದಿಂದ ನಮ್ಮೆಲ್ಲರ ನಗೆಪಾಟಲಿಗೆ ಗುರಿಯಾಗಿದ್ದ ಭಾವ, ಆ ಒಂದು ಮಾತಿಗಾಗಿ ಮಕ್ಕಳು ಹುಟ್ಟುಹಬ್ಬಕ್ಕೆ ಕಾಯುವ ಹಾಗೆ ಕಾಯುತ್ತಿದ್ದರು.

ಆ ಹೊತ್ತಿಗೆ ಮೈಸೂರಿನಿಂದ ನಮ್ಮ ಅಮ್ಮ ಅಕ್ಕನ ಮನೆಗೆ ಬಂದಿದ್ದಳು. ಮನೆಯಲ್ಲಿ ಕತ್ತಿ ಇಟ್ಟರೆ ಜಗಳವಾಗುತ್ತದೆ ಎಂದು ಅಮ್ಮ ಬಂದ ದಿನವೇ ಮುನಿದಿದ್ದಳು. ಟಿಶ್ಯೂ ಕೊಟ್ಟರೆ ಬೇಡವೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಾನೂ ಹಬ್ಬಕ್ಕೆಂದು ಪರ್ತ್‌ನಿಂದ ಹೋಗಿದ್ದೆ. ಆಯುಧಪೂಜೆಯ ಹಿಂದಿನ ಸಂಜೆ ಭಾವ ಎಣ್ಣೆ ಹಚ್ಚಲೆಂದು ಹಿಡಿ ಕಳಚಿ ಕತ್ತಿಯನ್ನು ಮೇಜಿನ ಮೇಲೆ ಮಲಗಿಸಿದ್ದರು. ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು, ಹಾಗೇ ಬಿಟ್ಟು ಓಡಿದರು.

ಮೈಸೂರಿನವಳಿಗೆ ಆಯುಧಪೂಜೆಯನ್ನು ಹೇಳಿಕೊಡಬೇಕೇ? ಬೆಳಗ್ಗೆ ಭಾವ ಆಸ್ಪತ್ರೆಯಿಂದ ಬರುವ ವೇಳೆಗೆ ದೇವರ ಮುಂದೆ ಸ್ಟೆತಸ್ಕೋಪು, ಕಾರಿನ ಕೀ, ಅಕ್ಕನ ಲ್ಯಾಪ್‌ಟಾಪು, ಎಲ್ಲಕ್ಕೂ ಕುಂಕುಮ. ನಡುವೆ ಮಣೆಯ ಮೇಲೆ ಕತ್ತಿ. ಅದರ ಬುಡ ಹೊಸ ಸ್ಟೀಲ್ ಚಮಚದ ಹಾಗೆ ಫಳಫಳ ಹೊಳೆಯುತ್ತಿತ್ತು!

"ಹಿಡಿ ಒಳಗೆ ಎಷ್ಟು ತುಕ್ಕಿತ್ತು ಗೊತ್ತಾ ಅಳಿಯಂದ್ರೇ," ಅಂದಳು ಅಮ್ಮ. "ಕಾಣಲ್ಲ ಅಂತ ಯಾರೂ ತೊಳೆದೇ ಇಲ್ಲ. ಹುಣಸೆಹಣ್ಣು ಹಾಕಿ ಉಜ್ಜಿದೆ. ನಿಮ್ಮ ವಸ್ತು, ನಮಗೂ ಮರ್ಯಾದೆಯೇ ಅಲ್ವಾ."

ಅಕ್ಕನ ಮಗಳು, "ಬಟ್ ಅಜ್ಜೀ, ದ ರಸ್ಟ್…" ಎಂದು ಶುರುಮಾಡಿದಳು. ಭಾವ ಕಣ್ಣಲ್ಲೇ ಅವಳನ್ನು ತಡೆದರು. ಅವರ ಮುಖ ಬಿಳುಚಿಕೊಂಡಿತ್ತು. ಆಮೇಲೆ ಚಪ್ಪಲಿ ಬಿಟ್ಟು ಬಂದು ಕೈಮುಗಿದರು.

"ತುಂಬಾ ಚೆನ್ನಾಗಾಗಿದೆ ಅತ್ತೆ," ಎಂದರು.

ಅಡಿಲೇಡಿಗೆ ಇನ್ನು ಹೋಗುವುದೇಕೆ? ಆದರೆ ಅಳಿಯನ ಕತ್ತಿಗೆ ದೊಡ್ಡವರೊಬ್ಬರು ಸರ್ಟಿಫಿಕೇಟು ಕೊಡುತ್ತಾರೆಂದು ಅಮ್ಮ ಮೈಸೂರಿಗೆಲ್ಲ ಫೋನು ಮಾಡಿಯಾಗಿತ್ತು. ಹೋಗದಿದ್ದರೆ ಯಾಕೆಂದು ಕೇಳುತ್ತಾಳೆ. ಹಾಗಾಗಿ ಫಲಿತಾಂಶ ಗೊತ್ತಿದ್ದೂ ಭಾವ ನಮ್ಮನ್ನೆಲ್ಲ ಕರೆದುಕೊಂಡು ಹೋದರು.

ಸಭೆ ಒಂದು ಚರ್ಚಿನ ಹಿಂದಿನ ಹಾಲ್‌ನಲ್ಲಿತ್ತು. ಮೇಷ್ಟ್ರು ಮೊದಲು ಕತ್ತಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಇವರೂ ಪೂಜೆ ಮಾಡ್ತಾರೆ ನೋಡು ಎಂದು ಅಮ್ಮ ನನ್ನನ್ನು ತಿವಿದಳು. ಅವರು ಅಲಗನ್ನು ದೀಪಕ್ಕೆ ಹಿಡಿದು ನೋಡಿದರು, ಮುಖ ಅರಳಿತು. ಹಿಡಿ ಕಳಚಿದರು. ಕೈ ಹಾಗೇ ನಿಂತಿತು. ಬುಡವನ್ನು ಹೀಗೆ ಮಾಡಿದ್ದು ಯಾರು ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅವರ ಇಂಗ್ಲಿಷು ಅಮ್ಮನಿಗೆ ತಿಳಿಯಲಿಲ್ಲ.

"ಏನಂತೆ ಅಳಿಯಂದ್ರೇ?"

"ಇಷ್ಟು ಚೆನ್ನಾಗಿ ತೊಳೆದಿದ್ದು ಯಾರು ಅಂತ ಕೇಳ್ತಿದಾರೆ ಅತ್ತೆ."

ಅಮ್ಮ ಸೆರಗು ಸರಿಮಾಡಿಕೊಂಡಳು. "ಹುಣಸೆಹಣ್ಣು ಅಂತ ಹೇಳಿ. ನಿಂಬೆಹಣ್ಣಲ್ಲಾದ್ರೆ ಇಷ್ಟು ಹೋಗಲ್ಲ."

ಭಾವ ಒಂದಕ್ಷರವೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದರು. ತೊಳೆದದ್ದು ನಮ್ಮ ಅತ್ತೆ, ಹಬ್ಬದ ಪೂಜೆಗೆ ಎಂದೂ ಸೇರಿಸಿದರು. ಮೇಷ್ಟ್ರು ಅಮ್ಮನನ್ನು ನೋಡಿದರು, ಭಾವನನ್ನು ನೋಡಿದರು. ಕತ್ತಿಯನ್ನು ಮೆಲ್ಲಗೆ ಕೆಳಗಿಟ್ಟು, ಅದಕ್ಕೆ ಬಗ್ಗಿದಂತೆಯೇ ಅಮ್ಮನಿಗೂ ಬಗ್ಗಿ ನಮಸ್ಕಾರ ಮಾಡಿದರು. ಆ ಕತ್ತಿಯ ವಯಸ್ಸನ್ನು ಇನ್ನು ಯಾರೂ ಖಚಿತವಾಗಿ ಹೇಳಲಾರರು ಎಂಬುದನ್ನು ಆಮೇಲೆ ಭಾವನಿಗೆ ಮಾತ್ರ ಹೇಳಿದರು.

ಹೊರಗೆ ಕಾರಿನ ಹತ್ತಿರ, ಬೇಜಾರಾಗಲಿಲ್ವಾ ಭಾವ ಎಂದು ಕೇಳಿದೆ. ಕಿಟ್ ಬ್ಯಾಗಿನ ಜಿಪ್ ಎಳೆಯುತ್ತಾ ಅವರು, "ಆಯ್ತು ಕಣಮ್ಮ, ಯಾಕಾಗಲ್ಲ," ಎಂದರು. ಜಿಪ್ ಪೂರ್ತಿ ಮುಚ್ಚಿ, "ನಾನು ಮೆಡಿಕಲ್ ಓದೋವಾಗ್ಲೇ ಅಮ್ಮ ಹೋಗ್ಬಿಟ್ರು. ಆಮೇಲೆ ನನ್ನ ವಸ್ತುಗಳಿಗೆ ಯಾರೂ ಕುಂಕುಮ ಇಟ್ಟಿರ್ಲಿಲ್ಲ," ಎಂದರು.

ಅಷ್ಟು ದಿನ ಅವರನ್ನು ನೋಡಿ ನಕ್ಕಿದ್ದವಳು ಬ್ಯಾಗಿನ ಇನ್ನೊಂದು ತುದಿ ಹಿಡಿದು ಕಾರಿಗೆ ಎತ್ತಿ ಇಡಲು ಕೈಜೋಡಿಸಿದೆ. ಅಮ್ಮ ಈಗ ಮೈಸೂರಿನಲ್ಲಿದ್ದಾಳೆ, ಕಣ್ಣು ಮಂಜಾಗಿದೆ. ನಾನು ಬರೆದದ್ದನ್ನೆಲ್ಲ ಫೋನಿನಲ್ಲಿ ನಾನೇ ಓದಿ ಹೇಳುತ್ತೇನೆ. ಇದನ್ನು ಓದುವಾಗ ತುಕ್ಕಿನ ಮಾತನ್ನೆಲ್ಲ ಹಾರಿಸಿಬಿಡುತ್ತೇನೆ. ನೀವೇನಾದರೂ ಅವಳನ್ನು ಮೈಸೂರಿನಲ್ಲಿ ಕಂಡರೆ, ದಯವಿಟ್ಟು, ಬಾಯಲ್ಲೊಂದು ಟಿಶ್ಯೂ ಕಚ್ಚಿಕೊಳ್ಳಿ.