ಮಾತ್ರೆ ಬದಲಾದ ಆರು ವಾರ

ಮನಸ್ಸಿಗೆ ಔಷಧಿ ತಗೊಳ್ಳೋರಿಗೆ ಇಂಥವೆಲ್ಲ ಆಗ್ತಾನೇ ಇರ್ತವೆ, ಹೇಳ್ಕೊಳ್ಳೋರು ಕಮ್ಮಿ. ನಾನು ಹೇಳ್ಕೊಳ್ತೀನಿ, ನನಗೇನು ನಾಚಿಕೆ?

ಅರವತ್ತರ ದಶಕದ ಮಾತು. ಭದ್ರಾವತಿ ಕಾರ್ಖಾನೆಯಲ್ಲಿ ಕ್ರೇನ್ ಡ್ರೈವರಾಗಿದ್ದೆ. ಊಟ ಸೇರದೆ, ನಿದ್ದೆ ಹತ್ತದೆ, ಸುಮ್ಮಸುಮ್ಮನೆ ಅಳು ಬರ್ತಿತ್ತು. ಶಿವಮೊಗ್ಗ ಕೋಟೆ ಕಡೆಯ ಡಾಕ್ಟರು ಕೊಟ್ಟ ಮಾತ್ರೆ ನಾಟಲಿಲ್ಲ. ಬೇರೆ ಮಾತ್ರೆ ಬರೆದು, "ಮೈಗೆ ಹೊಂದೋಕೆ ಆರು ವಾರ ಬೇಕು, ಅಲ್ಲೀವರೆಗೆ ಕ್ರೇನ್ ಹತ್ತಬೇಡ" ಅಂದರು. ಕಾರ್ಖಾನೆಯಲ್ಲಿ ಕಣ್ಣು ಸರಿಯಿಲ್ಲ ಅಂತ ಸುಳ್ಳು ಹೇಳಿ ಸ್ಟೋರಿನಲ್ಲಿ ಕೂತೆ. ತಲೆ ಕೆಟ್ಟೋನು ಅಂತ ಹೆಸರು ಬಂದರೆ ಕ್ರೇನ್ ಮತ್ತೆ ಯಾರು ಕೊಡ್ತಾರೆ?

ಒಣಗಿದ ಬಾಯಿ

ಮೊದಲ ವಾರ ಬಾಯಿ ಒಣಗಿ ನಾಲಿಗೆ ಅಂಟ್ಕೊಳ್ತಿತ್ತು. ಅದೇ ವಾರ ತಂಗಿ ಮದುವೆ ಮಾತುಕತೆ, ಮಾತಾಡಬೇಕಾದ ಹಿರಿಯ ನಾನೇ. ಗಂಡಿನ ತಂದೆ, "ಹುಡುಗನಿಗೆ ಒಂದು ಸೈಕಲ್ಲು, ಒಂದು ವಾಚು" ಅಂದರು. ಆಯ್ತು ಅನ್ನೋಕೆ ಬಾಯಿ ತೆರೆದೆ, ಸ್ವರವೇ ಹೊರಡಲಿಲ್ಲ. ಅವರ ಮುಖವನ್ನೇ ನೋಡ್ತಾ ಕೂತೆ.

"ಹೋಗ್ಲಿ, ವಾಚು ಬಿಡಿ" ಅಂದರು.

ನೀರು ಕುಡಿದು ಮತ್ತೆ ನೋಡಿದೆ.

"ಸೈಕಲ್ಲೂ ಬೇಡ ಮಾರಾಯ್ರೇ, ಹುಡುಗಿ ಕೊಟ್ಟರೆ ಸಾಕು!"

ಅವರು ಹೋದ ಮೇಲೆ ನನ್ನ ಹೆಂಡತಿ, "ರೀ, ಇನ್ನೊಂದು ಮಾತ್ರೆ ನುಂಗಿದ್ದಿದ್ರೆ ಛತ್ರಾನೂ ಅವರೇ ಹಿಡೀತಿದ್ರು" ಅಂದಳು.

ನಡುಗೋ ಕೈ

ಆಮೇಲೆ ಕೈ ನಡುಕ. ಸೋಮವಾರ ಈಶ್ವರನಿಗೆ ಮಂಗಳಾರತಿ ಎತ್ತಿದರೆ ಗಂಟೆ ತಾನಾಗೇ ಗಣಗಣ ಬಾರಿಸ್ಕೊಳ್ತಿತ್ತು. ಪಕ್ಕದ ಕ್ವಾರ್ಟರ್ಸಿನ ಅಜ್ಜಿ ಕಣ್ಣೊರೆಸ್ಕೊಂಡು ಗಂಡನಿಗೆ ಹೇಳಿದರು: "ನೋಡಿ ಕಲೀರಿ. ಇಷ್ಟು ವರ್ಷ ಪೂಜೆ ಮಾಡಿದ್ರಿ, ಒಂದು ದಿನ ನಡುಗಿದ್ದುಂಟಾ?"

ಏಳದೆ ಕೂತಿದ್ದು

ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರ್ತಿತ್ತು. ನಮ್ಮ ಸ್ಟೋರಿನಲ್ಲೋ, ದೊಡ್ಡ ಸಾಹೇಬರು ಬಂದರೆ ಎಲ್ಲರೂ ಧಡಕ್ಕನೆ ಎದ್ದು ನಿಲ್ಲೋದು ಪದ್ಧತಿ. ಒಂದು ದಿನ ಅವರು ಬಂದರು. ಬಿದ್ದುಬಿಟ್ಟೇನು ಅಂತ ನಾನು ಕೂತೇ ಇದ್ದೆ. ಉಳಿದವರು, "ಭಲೇ, ಗಂಡಸು ಅಂದ್ರೆ ಇವನು" ಅಂದ್ಕೊಂಡರು. ಮಾರನೇ ದಿನ ಸಾಹೇಬರು ಬಂದಾಗ ಇಡೀ ಸ್ಟೋರು ಕೂತೇ ಇತ್ತು!

ಸಾಹೇಬರ ರೂಮಿಂದ ನನಗೆ ಕರೆ ಬಂತು.

"ಏನಯ್ಯಾ, ಚಳವಳಿ ಶುರು ಮಾಡಿದೀಯಾ?"

ನನ್ನಿಂದ ಅಷ್ಟು ಜನಕ್ಕೆ ತೊಂದರೆ ಆಗೋದು ಬೇಡ ಅನ್ನಿಸ್ತು. ಕ್ರೇನ್ ಹೋದರೆ ಹೋಗ್ಲಿ ಅಂತ ಎಲ್ಲಾ ಹೇಳಿಬಿಟ್ಟೆ: ಮನಸ್ಸಿನ ಕಾಯಿಲೆ, ಬದಲಾದ ಮಾತ್ರೆ, ಎದ್ದರೆ ಬರೋ ಕಣ್ಣು ಕತ್ತಲೆ, ಕಣ್ಣಿನ ಸುಳ್ಳು. ಅಷ್ಟು ಹೇಳಿದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆ.

ಸಾಹೇಬರು ಮೇಜು ಹಿಡ್ಕೊಂಡು ನಿಧಾನಕ್ಕೆ ಎದ್ದರು. ಹೋಗಿ ಬಾಗಿಲು ಹಾಕಿದರು. ಕೆಲಸಾನೇ ಹೋಯ್ತು ಅಂದ್ಕೊಂಡೆ.

"ಡಾಕ್ಟರ ಚೀಟಿ ತಂದ ದಿನ ಕ್ರೇನ್ ಹತ್ತು. ಅದು ನಿನ್ನದೇ" ಅಂದರು. ಆಮೇಲೆ ನನ್ನ ಕಿವಿ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು:

"ಈ ಕಣ್ಣು ಕತ್ತಲೆ ಬರೋದು ಎಷ್ಟು ದಿನಕ್ಕೆ ನಿಲ್ಲುತ್ತಂತೆ? ನನಗೆ ಮಾತ್ರೆ ಬದಲಾಯಿಸಿ ಇವತ್ತಿಗೆ ಮೂರು ದಿನ."